ಪಂಚಾಂಗ ಹಿಡಿದು ತೆಗೆದ 28 ಚಂದ್ರರು

ಅಮಾವಾಸ್ಯೆ, ಶುದ್ಧ ಪಾಡ್ಯ ಎರಡು ಬಿಟ್ಟು ಉಳಿದ 28 ತಿಥಿಗಳ ಚಂದ್ರನೂ ಕೊನೆಗೆ ಫೋಟೋಗಳಲ್ಲಿ ಸಾಲಾಗಿ ಕೂತ. ಧಾರವಾಡದ ನಮ್ಮ ಮಾಳಿಗೆ, ಕೈಯಿಂದಲೇ ತಿರುಗಿಸುವ ಆರಿಂಚಿನ ಡಾಬ್ಸೋನಿಯನ್ ದೂರದರ್ಶಕ, ಒಂದು ಫೋನ್ ಇಷ್ಟರಲ್ಲೇ. "ಚಂದ್ರನ ಹಿಂದ ತಾನ ತಿರಗೋ ಟ್ರ್ಯಾಕಿಂಗ್ ಮೌಂಟ್ ಇಲ್ದ ಆಗೂದಲ್ಲ, ಬಿಡೋ ತಮ್ಮಾ" ಅಂದಿದ್ದ ಹಿರಿಯರೇ ಈಗ ಪ್ರಿಂಟ್ ಕೇಳುತ್ತಿದ್ದಾರೆ.

ಮೊದಲ ಏಳೆಂಟು ತಿಂಗಳು ದಂಡ. ಅಮಾವಾಸ್ಯೆಯಿಂದ ದಿನ ಎಣಿಸಿ ತೆಗೆಯುತ್ತಿದ್ದೆ. ಒಂದು ತಿಂಗಳ ಏಳನೇ ದಿನದ ನೆರಳಿನ ಗೆರೆ ಮುಂದಿನ ತಿಂಗಳ ಏಳನೇ ದಿನಕ್ಕೆ ಕೂಡುತ್ತಲೇ ಇರಲಿಲ್ಲ. ಚಂದ್ರ ಭೂಮಿಗೆ ಹತ್ತಿರವಿದ್ದಾಗ ಓಡುತ್ತಾನೆ, ದೂರವಿದ್ದಾಗ ತಡೆಯುತ್ತಾನೆ. ದಿನದ ಲೆಕ್ಕ ಹೇಗೆ ಹಿಡಿದೀತು? ಏಕಾದಶಿ ಯಾವತ್ತು ಅಂತ ಅವ್ವ ಪಂಚಾಂಗ ತಿರುವುತ್ತಿದ್ದಾಗ ಹೊಳೆಯಿತು. ತಿಥಿಯೆಂದರೆ ಸೂರ್ಯನಿಂದ ಚಂದ್ರ ದೂರ ಸರಿದ 12 ಡಿಗ್ರಿ; ಒಮ್ಮೆ 20 ಗಂಟೆಗೇ ಮುಗಿದೀತು, ಒಮ್ಮೆ 26 ಹಿಡಿದೀತು. ತಿಥಿ ಮುಗಿಯುವ ವೇಳೆಯ ಆಸುಪಾಸು ತೆಗೆದರೆ ಯಾವ ಮಾಸವಾದರೂ ಬೆಳಕು ಅಷ್ಟೇ! ಆ ವೇಳೆಗೆ ಚಂದ್ರ ಮೇಲಿರದಿದ್ದರೆ ಮುಂದಿನ ತಿಂಗಳು ಕಾಯಬೇಕು. ಮಳೆಗಾಲವನ್ನಂತೂ ಪೂರ್ತಿ ಬಿಟ್ಟೆ. ಒಟ್ಟು ಎರಡು ವರ್ಷ ಹಿಡಿಯಿತು.

ದುಡ್ಡಿನ ವಿಷಯ: ದೂರದರ್ಶಕ ಹಳೇದು, 14 ಸಾವಿರದ ಹತ್ತಿರ. ಫೋನ್ ಹಿಡಿಯುವ ಪ್ಲಾಸ್ಟಿಕ್ ಅಡಾಪ್ಟರ್‌ಗೆ 1,800 ಕೊಟ್ಟೆ, ಎರಡೇ ತಿಂಗಳಿಗೆ ಮುರಿಯಿತು. ಲೇಥ್ ಅಂಗಡಿಯಲ್ಲಿ ಅಲ್ಯೂಮಿನಿಯಂನದು ಮಾಡಿಸಿದೆ, ಆರೇಳುನೂರು ಆಯಿತು, ಕಲ್ಲಿನಂತಿದೆ. ಅದರೊಳಗಿನ ರಬ್ಬರ್ ಸುತ್ತು ಹೇಗೆ ಕೂರಿಸಿದೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಆಟೋ ಎಕ್ಸ್‌ಪೋಷರ್, ಅಂದರೆ ಎಷ್ಟು ಬೆಳಕು ಬೇಕೆಂದು ಫೋನೇ ನಿರ್ಧರಿಸುವುದನ್ನು, ನಂಬಬೇಡಿ. ಹುಣ್ಣಿಮೆಗೆ 1/500 ಸೆಕೆಂಡ್ ಇಟ್ಟರೆ ಅಷ್ಟಮಿಗೆ 1/60ರ ತನಕ ಇಳಿಯಬೇಕಾಯಿತು. ಹುಣ್ಣಿಮೆ ಚಂದ್ರ ಸಪಾಟು, ಟೈಕೋ ಕುಳಿಯಿಂದ ಚಾಚಿದ ಬಿಳಿ ಕಿರಣಗಳೊಂದೇ ಚೆಂದ. ನನಗೆ ಇಷ್ಟ ಶುದ್ಧ ದಶಮಿ: ಕೋಪರ್ನಿಕಸ್ ಕುಳಿಯ ಅಂಚಿಗೆ ಬಿಸಿಲು ತಾಗಿದೆ, ಒಳಗೆ ಇನ್ನೂ ಕಗ್ಗತ್ತಲು.

ನಡುವೆ ಫೋಟೋಗಳಲ್ಲಿ ಚಂದ್ರನ ಗಾತ್ರ ಒಂದಕ್ಕೊಂದು ಕೂಡದೆ ಅಡಾಪ್ಟರನ್ನೇ ಬೈದೆ. ಆಮೇಲೆ ಹತ್ತಿರದ ಹುಣ್ಣಿಮೆ, ದೂರದ ಹುಣ್ಣಿಮೆ ಎರಡನ್ನೂ ಅಕ್ಕಪಕ್ಕ ಇಟ್ಟು ಸ್ಕೇಲಿನಿಂದ ಅಳೆದೆ. ಶೇಕಡಾ 12–13ರಷ್ಟು ಫರಕು. ತಪ್ಪು ಅಡಾಪ್ಟರಿನದಲ್ಲ.

ಕೊನೆಗೆ ಉಳಿದದ್ದು ಬಹುಳ ಚತುರ್ದಶಿ. ಐದು ಸಲ ಮಂಜು ಕೆಡಿಸಿತು. ಆರನೇ ಸಲ, ಸೂರ್ಯ ಹುಟ್ಟಲು ಅರ್ಧ ಗಂಟೆ ಇರುವಾಗ, ಪಕ್ಕದ ಮನೆಯ ತೆಂಗಿನ ಗರಿಯ ಸಂದಿನಲ್ಲಿ ಉಗುರಿನ ಅಂಚಿನಂತೆ ಕಂಡ. ನಾಲ್ಕು ಫ್ರೇಮ್ ಸಿಕ್ಕವು, ಒಂದು ಸ್ಪಷ್ಟ.