ಕಂಟೇನರ್ ಏಳದಿದ್ದಾಗ ಕೆಳಗಿನಿಂದ ಮೇಲಕ್ಕೆ ಹುಡುಕಿದ್ದು: ನನ್ನ ಅನುಭವ

ಪ್ರೋಗ್ರಾಂ ಬರೆಯುವ ತಂತ್ರಾಂಶವಾದ ವಿಷುವಲ್ ಸ್ಟುಡಿಯೋದಲ್ಲಿ ರನ್ ಒತ್ತಿದೊಡನೆ ಕಂಟೇನರ್ (ಅಪ್ಲಿಕೇಶನನ್ನು ಅದಕ್ಕೆ ಬೇಕಾದುದೆಲ್ಲದರೊಂದಿಗೆ ಪ್ರತ್ಯೇಕವಾಗಿ ಓಡಿಸುವ ಆವರಣ) ಸಂಬಂಧಿ ದೋಷ ಕಾಣಿಸಿಕೊಂಡರೆ ವಿಂಡೋಸನ್ನೇ ಹೊಸದಾಗಿ ಹಾಕಬೇಕು, ಇಲ್ಲವೇ ಕಂಟೇನರುಗಳನ್ನು ನಡೆಸುವ ಡಾಕರ್ ಬಿಟ್ಟು ವಿಂಡೋಸಿನ ವೆಬ್ ಸರ್ವರಾದ ಐಐಎಸ್‌ಗೆ ಮರಳಬೇಕು ಎಂದು ನಮ್ಮ ಕಾಸರಗೋಡಿನ ಮಿತ್ರರಲ್ಲಿ ಹೆಚ್ಚಿನವರು ಹೇಳುತ್ತಿದ್ದರು. "ಎಂಟು ಜಿಬಿ ರ‍್ಯಾಮಿನಲ್ಲಿ ಅದು ಆಗಿಹೋಗುವ ಕೆಲಸವಲ್ಲ ಮಾರಾಯ, ಹೊಸ ಲ್ಯಾಪ್‌ಟಾಪ್ ತೆಗೆದುಕೋ" ಎಂದವರೂ ಇದ್ದರು. ಬದಿಯಡ್ಕದ ಕಡೆಯ ಒಂದು ಹಾಲಿನ ಸಂಘಕ್ಕಾಗಿ ನಾನು ಬರೆದ ಅಪ್ಲಿಕೇಶನ್ ಅದೇ ಹಳೆಯ ಲ್ಯಾಪ್‌ಟಾಪಿನಲ್ಲಿ ಸಿದ್ಧವಾಗಿ, ಈಗ ತಿಂಗಳುಗಳಿಂದ ಕಂಟೇನರಿನೊಳಗೆ ನೆಟ್ಟಗೆ ಓಡುತ್ತಿರುವುದರಿಂದ ಈ ದಾರಿಯನ್ನು ಬರೆದಿಡುತ್ತಿದ್ದೇನೆ.

ನನ್ನ ಕ್ರಮ ಇಷ್ಟೇ: ವಿಷುವಲ್ ಸ್ಟುಡಿಯೋ ತೋರಿಸುವ ದೋಷವಾಕ್ಯವನ್ನು ಬದಿಗಿಟ್ಟು, ವಿಷುವಲ್ ಸ್ಟುಡಿಯೋವನ್ನೇ ಮುಚ್ಚಿ, ಅತ್ಯಂತ ಕೆಳಗಿನ ಪದರದಿಂದ ಒಂದೊಂದನ್ನೇ ಟರ್ಮಿನಲ್ಲಿನಲ್ಲಿ ಕೈಯಾರೆ ಓಡಿಸುತ್ತ ಮೇಲೆ ಬರುವುದು. ಮೊದಲು ಬಯಾಸಿನಲ್ಲಿ (ಯಂತ್ರದ ಮೂಲ ಸೆಟ್ಟಿಂಗುಗಳಲ್ಲಿ) ಒಂದು ಯಂತ್ರದೊಳಗೆ ಇನ್ನೊಂದನ್ನು ಓಡಿಸುವ ವರ್ಚುವಲೈಸೇಶನ್, ಬಳಿಕ ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ 2, ಆಮೇಲೆ ಡಾಕರ್ ಎಂಜಿನ್, ಇಮೇಜು (ಕಂಟೇನರನ್ನು ಎಬ್ಬಿಸುವ ಸಿದ್ಧ ಅಚ್ಚು), ಕೊನೆಗೆ ಪ್ರಾಜೆಕ್ಟು. ಡಾಕರ್ ಓಡುತ್ತಿಲ್ಲ ಎಂಬ ಒಂದೇ ವಾಕ್ಯದ ಹಿಂದೆ ಇವುಗಳಲ್ಲಿ ಯಾವುದು ಬೇಕಾದರೂ ಇರಬಹುದು. ಪ್ರಾಜೆಕ್ಟು ಲಿನಕ್ಸ್ ಕಂಟೇನರಿಗೆ ಹೊಂದಿಸಿದ್ದು, ಡಾಕರ್ ಡೆಸ್ಕ್‌ಟಾಪ್ ವಿಂಡೋಸ್ ಕಂಟೇನರ್ ಸ್ಥಿತಿಯಲ್ಲಿದ್ದರೂ ಓಡುವುದಿಲ್ಲ; ಪ್ರಾಜೆಕ್ಟ್ ಫೈಲಿನಲ್ಲಿ ಗುರಿ ಯಾವ ಓಎಸ್ ಎಂದಿದೆ ಎಂಬುದನ್ನು ಒಮ್ಮೆ ನೋಡಿದರೆ ಅರ್ಧ ದಿನ ಉಳಿಯುತ್ತದೆ.

ನನ್ನನ್ನು ಹೆಚ್ಚು ಸತಾಯಿಸಿದ್ದು ಮೆಮೊರಿ. ಡಬ್ಲ್ಯೂಎಸ್‌ಎಲ್ 2 ತಾನಾಗಿಯೇ ಯಂತ್ರದ ಅರ್ಧದಷ್ಟು ಮೆಮೊರಿಯವರೆಗೆ ಬಳಸಬಲ್ಲದು. ಉಳಿದ ನಾಲ್ಕು ಜಿಬಿಯಲ್ಲಿ ವಿಷುವಲ್ ಸ್ಟುಡಿಯೋ ಮತ್ತು ಬ್ರೌಸರ್ ಎರಡೂ ಉಸಿರಾಡಬೇಕು. ಬಿಲ್ಡ್ (ಇಮೇಜನ್ನು ಕಟ್ಟುವ ಕೆಲಸ) ಮುಕ್ಕಾಲು ಭಾಗ ಮುಗಿಯುವಷ್ಟರಲ್ಲಿ ನಿಂತು, ನಿರ್ಗಮನ ಸಂಖ್ಯೆ 137 ಎಂದು ಮಾತ್ರ ಕಾಣಿಸುತ್ತಿತ್ತು. ಅದು 128ಕ್ಕೆ ಲಿನಕ್ಸಿನಲ್ಲಿ ಕೊಲ್ಲುವ ಸಂಕೇತದ ಸಂಖ್ಯೆಯಾದ 9 ಕೂಡಿಸಿದ್ದು, ಅಂದರೆ ಪ್ರಕ್ರಿಯೆಯನ್ನು ಹೊರಗಿನಿಂದ ಬಲವಂತವಾಗಿ ಕೊಲ್ಲಲಾಗಿದೆ. ಹೀಗೆ ಬಂದಾಗ ಮೊದಲು ಶಂಕಿಸಬೇಕಾದದ್ದು ಮೆಮೊರಿಯ ಕೊರತೆಯನ್ನು. ಬಳಕೆದಾರರ ಫೋಲ್ಡರಿನಲ್ಲಿ ಡಬ್ಲ್ಯೂಎಸ್‌ಎಲ್‌ನ ಸಂರಚನಾ ಫೈಲನ್ನು ಬರೆದು ಮೆಮೊರಿಗೆ ಮೂರು ಜಿಬಿಯ ಮಿತಿ ಹಾಕಿ, ಸ್ವಾಪನ್ನು (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗವನ್ನು) ದೊಡ್ಡದು ಮಾಡಿ, ಡಬ್ಲ್ಯೂಎಸ್‌ಎಲ್ ಅನ್ನು ಪೂರ್ಣವಾಗಿ ನಿಲ್ಲಿಸಿ ಮರಳಿ ಎಬ್ಬಿಸಿದ ಮೇಲೆ ಬಿಲ್ಡ್ ನಿಧಾನವಾಯಿತು, ಆದರೆ ಸಾಯಲಿಲ್ಲ. ಹೊಸ ಲ್ಯಾಪ್‌ಟಾಪಿಗೆ ಐವತ್ತು ಸಾವಿರದ ಆಸುಪಾಸು ಹೇಳಿದ್ದರು. ನನಗೆ ಖರ್ಚಾದದ್ದು ಇಂಟರ್‌ನೆಟ್ ರೀಚಾರ್ಜು ಮಾತ್ರ. ಡಾಕರ್ ಡೆಸ್ಕ್‌ಟಾಪಿಗೂ ನಮ್ಮಂತಹ ಸಣ್ಣವರು ಹಣ ಕೊಡಬೇಕಾಗಿಲ್ಲ: 250ಕ್ಕಿಂತ ಕಡಿಮೆ ನೌಕರರು ಮತ್ತು ವರ್ಷಕ್ಕೆ ಒಂದು ಕೋಟಿ ಡಾಲರಿಗಿಂತ ಕಡಿಮೆ ಆದಾಯ ಇರುವ ಸಂಸ್ಥೆಗಳಿಗೆ ಅದು ಉಚಿತ.

ಎರಡನೆಯ ಕಾಟ, ದೋಷ ಹುಡುಕುವ ಸ್ಥಿತಿಯಾದ ಡೀಬಗ್‌ನಲ್ಲಿ ಓಡಿದ್ದು ಬಳಕೆಗೆ ಕೊಡುವ ರಿಲೀಸ್‌ನಲ್ಲಿ ಬೀಳುವುದು. ಡೀಬಗ್ ಮಾಡುವಾಗ ವಿಷುವಲ್ ಸ್ಟುಡಿಯೋ ಇಮೇಜನ್ನು ಕಟ್ಟುವ ಸೂಚನೆಗಳ ಫೈಲಾದ ಡಾಕರ್‌ಫೈಲಿನ ಮೊದಲ ಹಂತವನ್ನಷ್ಟೇ ಕಟ್ಟಿ, ನಮ್ಮ ಫೋಲ್ಡರನ್ನು ಹೊರಗಿನಿಂದ ಜೋಡಿಸುತ್ತದೆ; ಆದ್ದರಿಂದ ಮುಂದಿನ ಹಂತಗಳ ದೋಷ ಅಲ್ಲಿ ಕಾಣುವುದೇ ಇಲ್ಲ. ಕೈಯಾರೆ ಬಿಲ್ಡ್ ಮಾಡಿದಾಗ ಫೈಲ್ ಸಿಗಲಿಲ್ಲ ಎಂದು ಬರುವುದಕ್ಕೂ ಕಾರಣ ಹತ್ತಿರದ್ದೇ. ಡಾಕರ್‌ಫೈಲ್ ಪ್ರಾಜೆಕ್ಟಿನೊಳಗಿದ್ದರೂ ಅದರಲ್ಲಿರುವ ದಾರಿಗಳು ಪ್ರಾಜೆಕ್ಟುಗಳನ್ನು ಒಳಗೊಂಡ ಸೊಲ್ಯೂಶನ್ ಫೋಲ್ಡರಿನಿಂದ ಲೆಕ್ಕ ಹಾಕಿದವು, ಹಾಗಾಗಿ ಬಿಲ್ಡ್ ಆಜ್ಞೆಯನ್ನು ಅಲ್ಲಿಂದಲೇ ಕೊಡಬೇಕು. ಡಾಟ್‌ನೆಟ್ 8ಕ್ಕೆ (ಮೈಕ್ರೋಸಾಫ್ಟಿನ ಪ್ರೋಗ್ರಾಂ ವೇದಿಕೆಯ ಒಂದು ಆವೃತ್ತಿ) ಬಂದವರು ಇನ್ನೆರಡು ಸಂಗತಿಗಳನ್ನು ನೋಡಿಕೊಳ್ಳಬೇಕು. ಇಮೇಜಿನ ಪೋರ್ಟು (ಅಪ್ಲಿಕೇಶನಿಗೆ ಸಂಪರ್ಕ ಬರುವ ಬಾಗಿಲಿನ ಸಂಖ್ಯೆ) 80ರಿಂದ 8080ಕ್ಕೆ ಬದಲಾಗಿದೆ. ಹೊಸ ಡಾಕರ್‌ಫೈಲಿನಲ್ಲಿ ಅಪ್ಲಿಕೇಶನ್ ರೂಟ್ (ಎಲ್ಲ ಅಧಿಕಾರವುಳ್ಳ ಬಳಕೆದಾರ) ಅಲ್ಲದ ಬಳಕೆದಾರನಾಗಿ ಓಡುವುದರಿಂದ ರಶೀದಿಗಳನ್ನು ಉಳಿಸುವ ಫೋಲ್ಡರಿಗೆ ಬರೆಯುವ ಅನುಮತಿಯನ್ನೂ ಮೊದಲೇ ಕೊಟ್ಟಿರಬೇಕು.

ಇಮೇಜನ್ನು ಸಣ್ಣದು ಮಾಡೋಣವೆಂದು ಅತಿ ಚಿಕ್ಕ ಲಿನಕ್ಸ್ ಆದ ಆಲ್ಪೈನ್‌ನಲ್ಲೂ ಪ್ರಯತ್ನಿಸಿದೆ. ನಮ್ಮ ಸಂಘದಲ್ಲಿ ರಶೀದಿ ಕನ್ನಡ ಮತ್ತು ಮಲಯಾಳ ಎರಡರಲ್ಲೂ ಮುದ್ರಣವಾಗಬೇಕು. ಆಲ್ಪೈನ್ ಇಮೇಜಿನಲ್ಲಿ ಭಾಷಾ ಮಾಹಿತಿಯೇ ಇಲ್ಲದ್ದರಿಂದ, ಕನ್ನಡದ ಸಂಸ್ಕೃತಿ ಸಂಕೇತ (ಭಾಷೆ-ಪ್ರದೇಶದ ಗುರುತು) ಅಮಾನ್ಯ ಎಂದು ಹೇಳಿ ಅಪ್ಲಿಕೇಶನ್ ಏಳುವ ಮೊದಲೇ ಬಿದ್ದಿತು. ಇನ್‌ವೇರಿಯಂಟ್ (ಭಾಷಾಭೇದವನ್ನು ಬಿಟ್ಟುಬಿಡುವ) ಸ್ಥಿತಿಯನ್ನು ತೆಗೆದು ಭಾಷಾ ಮಾಹಿತಿ ಕೊಡುವ ಐಸಿಯು ಲೈಬ್ರರಿಯನ್ನು ಹಾಕಿದಾಗ ದೋಷ ಹೋಯಿತು, ಆದರೆ ತಿಂಗಳ ಹೆಸರು ಕನ್ನಡದಲ್ಲಿ ಬರಲಿಲ್ಲ. ಐಸಿಯುವಿನ ಪೂರ್ಣ ದತ್ತಾಂಶದ ಪ್ಯಾಕೇಜನ್ನು ಬೇರೆಯಾಗಿ ಸೇರಿಸಿದ ಮೇಲಷ್ಟೇ "ಜೂನ್" ಎಂಬುದು ಅಚ್ಚಾಯಿತು. ಇಷ್ಟನ್ನೆಲ್ಲ ಸೇರಿಸಿದಾಗ ಉಳಿತಾಯ ಅಲ್ಪವೆನಿಸಿ ಮೊದಲಿದ್ದ ಲಿನಕ್ಸಾದ ಡೆಬಿಯನ್ ಇಮೇಜಿಗೇ ಮರಳಿದೆ.

ದೋಷವಾಕ್ಯವೇ ಇಲ್ಲದ ದೋಷವೊಂದನ್ನು ಹಿಡಿದುದರಲ್ಲಿ ನನಗೆ ನಿಜವಾದ ಹೆಮ್ಮೆಯಿದೆ. ಮುಂಜಾನೆ ಐದೂಕಾಲಿಗೆ ಅಳೆದ ಹಾಲು ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತಿತ್ತು. ಐದೂವರೆ ದಾಟಿದ ಮೇಲಿನದು ಸರಿಯಾಗಿಯೇ ಇತ್ತು. ಕಂಟೇನರಿನ ಗಡಿಯಾರ ಯುಟಿಸಿಯಲ್ಲಿ (ವಿಶ್ವ ಪ್ರಮಾಣ ಸಮಯದಲ್ಲಿ), ಅಂದರೆ ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ ಇರುತ್ತದೆ. ಸಮಯವಲಯವನ್ನು ಏಷ್ಯಾ ಕೋಲ್ಕತ್ತಾ ಎಂದು ಪರಿಸರ ಚರದಲ್ಲಿ (ಕಂಟೇನರಿಗೆ ಹೊರಗಿನಿಂದ ಕೊಡುವ ಸೆಟ್ಟಿಂಗಿನಲ್ಲಿ) ಕೊಟ್ಟ ಮರುದಿನದಿಂದ ಕಾರ್ಯದರ್ಶಿಯವರ ಪುಸ್ತಕಕ್ಕೂ ಕಂಪ್ಯೂಟರಿಗೂ ತಾಳೆಯಾಯಿತು.

ಡಿಸ್ಕಿನ ವಿಚಾರವನ್ನೂ ಹೇಳಬೇಕು. ಹಳೆಯ ಇಮೇಜುಗಳನ್ನು ಅಳಿಸಿದರೂ ಡಬ್ಲ್ಯೂಎಸ್‌ಎಲ್‌ನ ವರ್ಚುವಲ್ ಡಿಸ್ಕ್ ಫೈಲು ತಾನಾಗಿ ಕುಗ್ಗದೆ ನಲವತ್ತು ಜಿಬಿಯ ಹತ್ತಿರ ಹೋಗಿತ್ತು. ಎಲ್ಲವನ್ನೂ ನಿಲ್ಲಿಸಿ ವಿಂಡೋಸಿನ ಡಿಸ್ಕ್ ಸಾಧನವಾದ ಡಿಸ್ಕ್‌ಪಾರ್ಟಿನಲ್ಲಿ ಕಾಂಪ್ಯಾಕ್ಟ್ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಜಾಗ ಮರಳಿ ಸಿಕ್ಕಿತು.

ಸಂಘದ ಕಚೇರಿಯ ಇಂಟರ್‌ನೆಟ್ ಮಳೆಗಾಲದಲ್ಲಿ ನಂಬುವಂತಹುದಲ್ಲವಾದ್ದರಿಂದ, ಡಾಕರ್ ಸೇವ್ ಆಜ್ಞೆಯಿಂದ ಇಮೇಜನ್ನು ಒಂದು ಫೈಲಾಗಿಸಿ, ಪೆನ್‌ಡ್ರೈವಿನಲ್ಲಿ ಒಯ್ದು ಅಲ್ಲಿ ಲೋಡ್ ಮಾಡುತ್ತೇನೆ. ಹಳೆಯ ಕಂಟೇನರ್ ಓಡುತ್ತಿರುವಾಗಲೇ ಹಾಲು ಅಳೆಯುವುದನ್ನು ಒಂದು ನಿಮಿಷವೂ ನಿಲ್ಲಿಸದೆ ಹೊಸದಕ್ಕೆ ಬದಲಾಯಿಸುವ ಸ್ಕ್ರಿಪ್ಟ್ ನನ್ನ ಬಳಿ ಇದೆ; ಅದು ನನ್ನ ಅನ್ನದ ದಾರಿಯಾದ್ದರಿಂದ ಇಲ್ಲಿ ಬಿಚ್ಚಿಡುತ್ತಿಲ್ಲ.