ಎಡಗಡೆಯ ಬಿಸಿಲು: ಕಾರಿನ ಗಾಜಿಗೆ ಫಿಲ್ಮ್ ಹಾಕಿಸಿದ ನನ್ನ ಅನುಭವ

ನಾವು ಕಲಬುರಗಿಯವರು. ನಮ್ಮವರಿಗೂ ನನಗೂ ಕೆಲಸ ಜೇವರ್ಗಿಯಲ್ಲಿ. ದಿನಾ ಕಾರಿನಲ್ಲೇ ಹೋಗಿ ಬರುತ್ತೇವೆ, ಒಂದು ಕಡೆಗೆ ಸುಮಾರು 40 ಕಿಲೋಮೀಟರ್. ರಸ್ತೆ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ. ಬೆಳಿಗ್ಗೆ ಹೋಗುವಾಗ ಸೂರ್ಯ ಎಡಗಡೆ. ವಾಪಸ್ ಬರುವಾಗ ಮುಖ ಉತ್ತರಕ್ಕೆ, ಸೂರ್ಯ ಪಶ್ಚಿಮಕ್ಕೆ ವಾಲಿರುತ್ತಾನೆ, ಅಂದ್ರೆ ಮತ್ತೆ ಎಡಗಡೆ. ಕಾರು ಓಡಿಸುವವರು ಅವರು. ಎಡಗಡೆ ಕೂರುವವಳು ನಾನು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಬಿಸಿಲಿಗೆ ಹೆದರಿ ಮಾಡಿದ ಸಮಯ. ಆದ್ರೆ ಕೆಲಸ ಮುಗಿಸಿ ಕಾರು ಹತ್ತುವುದು ಸರಿಯಾಗಿ ಸುಡುವ ಹೊತ್ತಿಗೇ. ಎ.ಸಿ. ನಾಲ್ಕರಲ್ಲಿ ಇಟ್ಟರೂ ಮುಖಕ್ಕೆ ತಂಪು ಗಾಳಿ, ಎಡಗೈಗೆ ಉರಿ. ನಾನು ಕಿಟಕಿ ಸ್ವಲ್ಪ ಇಳಿಸಿ, ವೇಲಿನ ತುದಿ ಹೊರಗೆ ಬಿಟ್ಟು, ಗಾಜು ಏರಿಸಿ ಸಿಕ್ಕಿಸುತ್ತಿದ್ದೆ. ಭೀಮಾ ಸೇತುವೆ ಮೇಲೆ ಗಾಳಿ ಬಂದರೆ ವೇಲು ಪಟಪಟ ಹೊಡೆದುಕೊಳ್ಳುತ್ತಿತ್ತು. ಎಡಗಡೆ ಕನ್ನಡಿ ಕಾಣಲ್ಲ ಅಂತ ನಮ್ಮವರು ಸಿಟ್ಟಾಗುತ್ತಿದ್ದರು. ಅವರು ಹೇಳೋದು ಸರಿಯೇ ಇತ್ತು. ಒಂದು ದಿನ ಎರಡೂ ತೋಳು ಪಕ್ಕಪಕ್ಕ ಇಟ್ಟು ನೋಡಿದೆ. ಎಡಗೈ ಮೊಣಕೈವರೆಗೆ ಬೇರೆಯೇ ಬಣ್ಣ.

ಆಗ ಒಂದು ವಿಷಯ ಗೊತ್ತಾಯಿತು. ಮುಂದಿನ ದೊಡ್ಡ ಗಾಜು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಮಾಡಿದ್ದು. ಒಡೆದರೂ ಉದುರಬಾರದು ಅಂತ ಇರುವ ಆ ಹಾಳೆಯೇ ಅತಿನೇರಳೆ ಕಿರಣವನ್ನೂ ಬಹುಪಾಲು ತಡೆಯುತ್ತದೆ. ಬಾಗಿಲಿನ ಗಾಜು ಸಾಮಾನ್ಯವಾಗಿ ಒಂದೇ ಪದರದ್ದು. ಅದರಲ್ಲಿ ಚರ್ಮ ಕಪ್ಪು ಮಾಡುವ ಕಿರಣ ಸಾಕಷ್ಟು ಒಳಗೆ ಬರುತ್ತದೆ. ಅಂದ್ರೆ ನನ್ನ ತೊಂದರೆ ಇದ್ದದ್ದು ಪಕ್ಕದ ಗಾಜಿನಲ್ಲಿ. ಇದು ಗೊತ್ತಾದ ಮೇಲೆ ಏನು ಹಾಕಿಸಬೇಕು, ಎಲ್ಲಿ ಹಾಕಿಸಬೇಕು ಅನ್ನೋದು ಅರ್ಧ ಬಗೆಹರಿಯಿತು.

ಕಾನೂನಿನ ಮಾತು ಮೊದಲು ಹೇಳಿಬಿಡುತ್ತೇನೆ, ಯಾಕಂದ್ರೆ ನಾನೂ ಅಲ್ಲಿಂದಲೇ ಶುರು ಮಾಡಿದ್ದು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಆಗಲಿ ಬೇರೆ ಯಾವುದೇ ವಸ್ತುವಾಗಲಿ ಅಂಟಿಸಬಾರದು ಅಂದಿತು. ಬಣ್ಣ ಎಷ್ಟು ತಿಳಿ ಅನ್ನೋದೂ ಲೆಕ್ಕಕ್ಕಿರಲಿಲ್ಲ. ಆಮೇಲೆ ಕೇಂದ್ರ ಮೋಟಾರು ವಾಹನ ನಿಯಮ 100ಕ್ಕೆ ತಿದ್ದುಪಡಿ ಬಂತು, 2021ರ ಏಪ್ರಿಲ್ 1ರಿಂದ ಜಾರಿ. ಒಳಬದಿಗೆ ಪ್ಲಾಸ್ಟಿಕ್ ಪದರ ಇರುವ ಸುರಕ್ಷತಾ ಗಾಜಿಗೂ ಅದರಲ್ಲಿ ಜಾಗ ಸಿಕ್ಕಿತು. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ 70 ಶೇಕಡಾ, ಪಕ್ಕದ ಗಾಜುಗಳಲ್ಲಿ ಕನಿಷ್ಠ 50 ಶೇಕಡಾ ಬೆಳಕು ದಾಟಬೇಕು. 2024ರ ಸೆಪ್ಟೆಂಬರ್‌ನಲ್ಲಿ ಕೇರಳ ಹೈಕೋರ್ಟ್, ಈ ಮಿತಿಯೊಳಗಿನ ಫಿಲ್ಮ್ ಅನ್ನು ಮಾಲೀಕರೇ ಹಾಕಿಸಿಕೊಂಡರೂ ದಂಡ ಹಾಕುವಂತಿಲ್ಲ ಅಂತ ಹೇಳಿತು. ಅದು ಕೇರಳದ ತೀರ್ಪು. ನಮ್ಮಲ್ಲಿ ಪೊಲೀಸರು ನಿಲ್ಲಿಸಿದರೆ ಕೇಳಿಯೇ ಕೇಳುತ್ತಾರೆ, ಅದಕ್ಕೆ ತಯಾರಿರಬೇಕು. ಹಾಗಾಗಿ ಮಿತಿಗಿಂತ ಸ್ವಲ್ಪ ಮೇಲೆಯೇ ಇರಬೇಕು, ಅಳತೆಯ ಕಾಗದ ಕಾರಿನಲ್ಲಿರಬೇಕು ಅಂತ ಗಟ್ಟಿ ಮಾಡಿಕೊಂಡೆ.

ಕಾನೂನು ಬಿಡಿ, ಜೇವರ್ಗಿ ರಸ್ತೆಯಲ್ಲಿ ರಾತ್ರಿ ಬಂದು ನೋಡಿ. ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್, ಎತ್ತಿನ ಗಾಡಿ. ಕಪ್ಪು ಗಾಜಿನೊಳಗಿಂದ ಪಕ್ಕದ ರಸ್ತೆಯಿಂದ ಬರುವವರು ಕಾಣುವುದೇ ಇಲ್ಲ. ನನಗೆ ಕಪ್ಪು ಬೇಡವೇ ಬೇಡ, ತಂಪು ಬೇಕು. ಇವೆರಡೂ ಬೇರೆ ಬೇರೆ ಅನ್ನೋದು ಅಂಗಡಿಗಳಿಗೆ ಹೋದ ಮೇಲೆ ಸರಿಯಾಗಿ ಅರ್ಥವಾಯಿತು.

ಫಿಲ್ಮ್‌ನಲ್ಲಿ ಹಲವು ಬಗೆ. ಬಣ್ಣ ಹಾಕಿದ್ದು ಎಲ್ಲಕ್ಕಿಂತ ಅಗ್ಗ. ಕಣ್ಣಿಗೆ ಕತ್ತಲೆ ಕೊಡುತ್ತದೆ, ಬಿಸಿ ಅಷ್ಟಾಗಿ ತಡೆಯಲ್ಲ, ಕೆಲವು ವರ್ಷಕ್ಕೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಲೋಹದ ಪದರ ಇರುವುದು ಬಿಸಿ ತಡೆಯುತ್ತದೆ, ಆದ್ರೆ ಮೊಬೈಲ್ ಸಿಗ್ನಲ್, ಜಿಪಿಎಸ್, ಫಾಸ್ಟ್ಯಾಗ್‌ಗೆ ಅಡ್ಡ ಬರಬಹುದು. ಕಾರ್ಬನ್ ಫಿಲ್ಮ್ ಬಣ್ಣ ಬಿಡಲ್ಲ. ಸೆರಾಮಿಕ್ ದುಬಾರಿ, ಆದ್ರೆ ಹೆಚ್ಚು ಕಪ್ಪಿಲ್ಲದೆಯೇ ಬಿಸಿ ತಡೆಯುವ ಗುಣ ಇದರದ್ದು. ನನಗೆ ಬೇಕಾಗಿದ್ದು ಇದೇ.

ಮೊದಲ ಅಂಗಡಿಯಲ್ಲಿ ಹುಡುಗ ನಮ್ಮವರ ಕಡೆ ನೋಡಿಯೇ ಮಾತಾಡಿದ. "ಸರ್, ಇದು ಹಾಕ್ಸ್ರಿ. ಹೊರಗಿಂದ ಒಳಗ ಏನೂ ಕಾಣಂಗಿಲ್ಲ."

"ಒಳಗಿಂದ ಹೊರಗ ಕಾಣ್ಬೇಕಲ್ಲಪ್ಪಾ ನಮಗ" ಅಂದೆ.

ಅಲ್ಲಿಗೆ ಆ ಅಂಗಡಿ ಮುಗಿಯಿತು.

ಎರಡನೆಯ ಅಂಗಡಿಯಲ್ಲಿ ಒಂದು ಪೆಟ್ಟಿಗೆ. ಒಳಗೆ ಕೆಂಪು ದೀಪ, ಮುಂದೆ ಗಾಜಿನ ತುಂಡುಗಳು, ಒಂದೊಂದಕ್ಕೆ ಒಂದೊಂದು ಫಿಲ್ಮ್. ಬರೀ ಗಾಜಿನ ಮುಂದೆ ಕೈ ಇಟ್ಟರೆ ಸುಡುತ್ತದೆ, ಫಿಲ್ಮ್ ಇರುವ ಗಾಜಿನ ಮುಂದೆ ಏನೂ ಗೊತ್ತಾಗಲ್ಲ. ಬೋರ್ಡಿನ ಮೇಲೆ "99 ಶೇಕಡಾ ಐಆರ್ ತಡೆ" ಅಂತ ಬರೆದಿತ್ತು. ಐಆರ್ ಅಂದ್ರೆ ಅವಗೆಂಪು ಕಿರಣ. ನಾನು ಕೈ ತೆಗೆಯಲಿಲ್ಲ. ಎರಡು ನಿಮಿಷ ಹಾಗೇ ಇಟ್ಟೆ. ನಿಧಾನಕ್ಕೆ ಬಿಸಿ ಬರತೊಡಗಿತು. ಗಾಜನ್ನೇ ಮುಟ್ಟಿ ನೋಡಿದೆ, ಕಾದ ಹಂಚಿನ ಹಾಗಿತ್ತು. ಬಿಸಿಯನ್ನು ಹೀರಿಕೊಂಡ ಫಿಲ್ಮ್ ತಾನೇ ಕಾದು ಮತ್ತೆ ಒಳಗೆ ಬಿಡುತ್ತದೆ. ಐದು ಸೆಕೆಂಡು ಕೈ ಇಟ್ಟು ತೆಗೆದರೆ ಇದು ಗೊತ್ತಾಗಲ್ಲ. ದಯವಿಟ್ಟು ಕೈ ಅಲ್ಲೇ ಇಟ್ಟು ನೋಡಿ.

ಆ 99ರ ಮಾತಿಗೂ ಒಂದು ಲೆಕ್ಕ ಇದೆ. ಗಾಜಿನ ಮೇಲೆ ಬೀಳುವ ಬಿಸಿಲಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕಣ್ಣಿಗೆ ಕಾಣದ ಅವಗೆಂಪು ಕಿರಣ, ಸುಮಾರು 44 ಶೇಕಡಾ ಕಾಣುವ ಬೆಳಕು, ಉಳಿದ ಚೂರು ಅತಿನೇರಳೆ. ಅವಗೆಂಪಿನಲ್ಲೂ ಒಂದು ಸಣ್ಣ ಭಾಗವನ್ನಷ್ಟೇ ಅಳೆದು 99 ಅಂತ ಬರೆಯುವುದುಂಟು. ಕೇಳಬೇಕಾದ್ದು ಟಿಎಸ್‌ಇಆರ್. ಅಂದ್ರೆ ಒಟ್ಟು ಬಿಸಿಲಿನ ಶಕ್ತಿಯಲ್ಲಿ ಎಷ್ಟು ಪಾಲು ತಡೆಯುತ್ತದೆ ಅನ್ನುವ ಸಂಖ್ಯೆ. ನೂರರಲ್ಲಿ 70ರಷ್ಟು ಬೆಳಕು ಬಿಡುವ ಫಿಲ್ಮ್ ಆದರೆ, ಬೆಳಕಿನ ಜೊತೆಗೇ ಸುಮಾರು 31 ಪಾಲು ಶಕ್ತಿ ಒಳಗೆ ಬಂದೇ ಬರುತ್ತದೆ. ಮಿಕ್ಕಿದ್ದನ್ನೆಲ್ಲ ತಡೆದರೂ 69ರ ಮೇಲೆ ಹೋಗಲು ಸಾಧ್ಯವೇ ಇಲ್ಲ. ಅಷ್ಟು ತಿಳಿಯಾದ ಫಿಲ್ಮ್‌ಗೆ ಯಾರಾದರೂ 80 ಅಂತ ಹೇಳಿದರೆ ಎದ್ದು ಬನ್ನಿ. 45, 50ರ ಹತ್ತಿರ ಕಾಗದದಲ್ಲಿ ತೋರಿಸಿದರೆ ಅದು ಒಳ್ಳೆಯ ಮಾಲು.

ಆ ಅಂಗಡಿಯ ಮಾಲು ಕೆಟ್ಟದೇನಿರಲಿಲ್ಲ. ಆದ್ರೆ ಕೆಲಸ ನಡೆಯುತ್ತಿದ್ದದ್ದು ರಸ್ತೆ ಬದಿಯ ಬೇವಿನ ಮರದ ಕೆಳಗೆ. ನಮ್ಮ ಕರಿಮಣ್ಣಿನ ಧೂಳು ಎಂಥದ್ದು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಒಂದು ಲಾರಿ ಹೋದರೆ ಸಾಕು, ಒದ್ದೆ ಅಂಟಿನ ಮೇಲೆ ಬಂದು ಕೂರುತ್ತದೆ.

ಹಾಕುವವರ ಬಗ್ಗೆ ನಾನು ಇಷ್ಟು ಹಟ ಮಾಡಲು ಕಾರಣ ನಮ್ಮ ಹಳೆಯ ಕಾರು. ಅದನ್ನು ಕೊಂಡಾಗಲೇ ಹಿಂದಿನ ಗಾಜಿಗೆ ಫಿಲ್ಮ್ ಇತ್ತು, ನೇರಳೆ ಬಣ್ಣಕ್ಕೆ ತಿರುಗಿ ಗುಳ್ಳೆ ಎದ್ದಿತ್ತು. ತೆಗೆಸಲು ಒಂದು ಕಡೆ ಬಿಟ್ಟೆವು. ಅವನು ಬ್ಲೇಡ್ ಹಾಕಿ ಕೆರೆದ. ಹಿಂದಿನ ಗಾಜಿನ ಒಳಗೆ ಮಂಜು ಹೋಗಿಸುವ ಸಣ್ಣ ಕಂದು ಗೆರೆಗಳಿರುತ್ತವೆ ಅಲ್ವಾ, ಅದರಲ್ಲಿ ಎರಡು ತುಂಡಾದವು. ಮಳೆಗಾಲದಲ್ಲಿ ಸ್ವಿಚ್ ಒತ್ತಿದರೆ ಗಾಜೆಲ್ಲ ತಿಳಿಯಾಗುತ್ತಿತ್ತು, ಸರಿಯಾಗಿ ಕಣ್ಣಿನ ಮಟ್ಟದಲ್ಲಿ ಎರಡು ಪಟ್ಟಿ ಮಾತ್ರ ಮಂಜಾಗಿಯೇ ಉಳಿಯುತ್ತಿದ್ದವು. ಆ ಕಾರು ಮಾರುವವರೆಗೂ ಹಾಗೇ ಇತ್ತು. ಹಳೆಯ ಫಿಲ್ಮ್ ತೆಗೆಸುವವರು ಇದನ್ನು ನೆನಪಿಡಿ: ಹಬೆ ಅಥವಾ ಬಿಸಿಗಾಳಿ ಕೊಟ್ಟು, ನಿಧಾನಕ್ಕೆ ಎಳೆದು ತೆಗೆಯಬೇಕು. ಹಿಂದಿನ ಗಾಜಿಗೆ ಬ್ಲೇಡ್ ತಾಗಿಸಬಾರದು.

ಮೂರನೆಯದು ಒಂದು ಶೆಡ್. ಶಟರ್ ಅರ್ಧ ಇಳಿಸಿತ್ತು, ನೆಲಕ್ಕೆ ನೀರು ಚಿಮುಕಿಸಿದ್ದರು. ಬೇರೆ ಯಾರದೋ ಕಾರಿನ ಕೆಲಸ ನಡೆದಿತ್ತು. ನೋಡಬಹುದಾ ಅಂತ ಕೇಳಿದೆ. "ಕೂಡ್ರಿ ಮೇಡಂ, ನೋಡ್ರಿ" ಅಂದರು. ಒಂದು ಗಂಟೆ ಕೂತೆವು. ನನ್ನ ಪ್ರಕಾರ ಫಿಲ್ಮ್‌ಗೆ ಕೊಡುವ ದುಡ್ಡಿಗಿಂತ ಈ ಒಂದು ಗಂಟೆ ಮುಖ್ಯ.

ಮೊದಲು ಬಾಗಿಲಿನ ಒಳಬದಿಗೆ, ಕಿಟಕಿ ಸ್ವಿಚ್ ಮೇಲೆ ದಪ್ಪ ಟವೆಲ್ ಹೊದಿಸಿದರು. ಈ ಕೆಲಸದಲ್ಲಿ ಸೋಪಿನ ನೀರು ಸುರಿಯುತ್ತಲೇ ಇರುತ್ತದೆ, ಸ್ವಿಚ್‌ಗೆ ಇಳಿದರೆ ಕೆಟ್ಟಿತು. ಆಮೇಲೆ ಗಾಜನ್ನು ಅಲ್ಲ, ಗಾಜಿನ ಅಂಚಿನ ರಬ್ಬರನ್ನು ತೊಳೆದರು. ಬೆರಳಿಗೆ ಬಟ್ಟೆ ಸುತ್ತಿ ಸಂದಿಯಲ್ಲಿ ಎಳೆದಾಗ ಬಟ್ಟೆ ಕಪ್ಪಾಗಿ ಬಂತು. ಫಿಲ್ಮ್ ಅನ್ನು ಹೊರಬದಿಗೆ ಇಟ್ಟು, ಬಿಸಿಗಾಳಿಯಿಂದ ಗಾಜಿನ ಉಬ್ಬಿಗೆ ತಕ್ಕಂತೆ ಕುಗ್ಗಿಸಿದರು. ಕತ್ತರಿಸುವ ಮುಂಚೆ ಬ್ಲೇಡಿನ ತುದಿ ಮುರಿದು ಹೊಸದು ಮಾಡಿಕೊಂಡರು. ಪ್ರತಿ ಗಾಜಿಗೂ ಹೀಗೇ. ಮೊಂಡು ಬ್ಲೇಡ್ ಆದರೆ ಒತ್ತಿ ಕೊಯ್ಯಬೇಕಾಗುತ್ತದೆ, ಆಗಲೇ ಗಾಜಿಗೆ ಗೀರು ಬೀಳೋದು. ಹಿಂದಿನ ಹಾಳೆ ಬಿಡಿಸುವ ಮುಂಚೆ ತಮ್ಮ ಕೈಯನ್ನೂ ಸೋಪಿನ ನೀರಿಗೆ ಒಡ್ಡಿದರು. ಗಾಜು ಎರಡು ಬೆರಳು ಇಳಿಸಿ, ಮೇಲಂಚಿಗೆ ಕೂದಲೆಳೆ ಜಾಗ ಬಿಟ್ಟು ಕೂರಿಸಿ, ನಡುವಿನಿಂದ ಅಂಚಿಗೆ ನೀರು ತಳ್ಳಿದರು. ಮಾತು ಕಡಿಮೆ. ನನಗೆ ಆಗಲೇ ಮನಸ್ಸಾಗಿತ್ತು.

ನಮ್ಮ ಕಾರಿನ ಬರೀ ಗಾಜು ಎಷ್ಟು ಶೇಕಡಾ ಬೆಳಕು ಬಿಡುತ್ತದೆ ಅಂತ ಮೊದಲು ಮೀಟರಿನಲ್ಲಿ ಅಳೆಯಲು ಹೇಳಿದೆ. ಫಿಲ್ಮ್ ಡಬ್ಬಿಯ ಮೇಲೆ 70 ಅಂತ ಇದ್ದರೆ ಕಾರಿನಲ್ಲಿ 70 ಬರಲ್ಲ, ಗಾಜು ತಾನೂ ಒಂದಿಷ್ಟು ಬೆಳಕು ತಡೆಯುತ್ತದೆ. ಎರಡನ್ನೂ ಗುಣಿಸಬೇಕು. ನಮ್ಮ ಬಾಗಿಲಿನ ಗಾಜು ಮೀಟರಿನಲ್ಲಿ 76 ತೋರಿಸಿತು. ಅದಕ್ಕೆ 70ರ ಫಿಲ್ಮ್ ಹಾಕಿದರೆ 53. ಪಕ್ಕದ ಗಾಜಿಗೆ 50 ಸಾಕು, ಮೂರು ಉಳಿಯಿತು. ಅದೇ 50ರ ಫಿಲ್ಮ್ ಹಾಕಿಸಿ "ಕಾನೂನು ಪ್ರಕಾರವೇ ಇದೆ" ಅಂದುಕೊಂಡವರ ಕಾರಿನಲ್ಲಿ ಅಳತೆ 38ಕ್ಕೆ ಬಂದು ನಿಲ್ಲುತ್ತದೆ.

ಮುಂದಿನ ಗಾಜು 78 ಬಂತು. ಅಲ್ಲಿ 70 ಉಳಿಯಬೇಕಾದರೆ 90ರ ಫಿಲ್ಮ್ ಬೇಕು, ಆಗಲೂ ಅಳತೆ 70ರ ಅಂಚಿನ ಮೇಲೆಯೇ. ಮೀಟರ್ ಒಂದು ಅಂಕ ಆಚೀಚೆ ಆದರೆ ತಪ್ಪಾಯಿತು. ಜೊತೆಗೆ ಫಾಸ್ಟ್ಯಾಗ್ ಅಂಟಿಸಿರುವುದು ಆ ಗಾಜಿನ ಒಳಬದಿಗೇ. ಅದನ್ನು ಕಿತ್ತರೆ ಹಾಳಾಗುತ್ತದೆ, ಹೊಸದು ತೆಗೆದುಕೊಳ್ಳಬೇಕು. ಕೆಲವರು ಟ್ಯಾಗ್ ಬಿಟ್ಟು ಸುತ್ತ ಕತ್ತರಿಸಿ ಹಾಕುತ್ತಾರಂತೆ, ಅದು ನನಗೆ ಒಪ್ಪಿಗೆಯಾಗಲಿಲ್ಲ. ಮುಂದೆ, ಹಿಂದೆ ಎರಡೂ ಬಿಟ್ಟು ನಾಲ್ಕು ಬಾಗಿಲಿಗೆ ಮಾತ್ರ ಸೆರಾಮಿಕ್ ಹಾಕಿಸಿದೆವು. 9,500 ರೂಪಾಯಿ ಆಯಿತು. ನಿಲ್ಲಿಸಿದಾಗ ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಮಡಚುವ ಪರದೆ ಇಡುತ್ತೇವೆ.

ಹಾಕುವ ಮುಂಚೆ ರೋಲ್ ಡಬ್ಬಿಯಿಂದ ತೆಗೆಯುವುದನ್ನು ಎದುರಿಗೇ ನೋಡಿದೆ. ಡಬ್ಬಿಯ ಮೇಲಿನ ಸಂಖ್ಯೆ ವಾರಂಟಿ ಕಾರ್ಡಿನಲ್ಲಿ ಬರೆಸಿದೆ. ಬಿಲ್ಲಿನಲ್ಲಿ ಫಿಲ್ಮ್ ಹೆಸರು, ನಮ್ಮ ಗಾಡಿ ನಂಬರು, ನಾಲ್ಕು ಗಾಜಿನ ಮೀಟರ್ ಅಳತೆ. ಬರೀ "ಫಿಲ್ಮ್ ಕೆಲಸ" ಅಂತ ಬರೆದ ಬಿಲ್ಲು ತೆಗೆದುಕೊಳ್ಳಬೇಡಿ.

ನಾಲ್ಕು ದಿನ ಗಾಜು ಇಳಿಸಬೇಡಿ ಅಂದರು. ಸ್ವಿಚ್‌ಗಳ ಮೇಲೆ ಕಾಗದದ ಟೇಪ್ ಅಂಟಿಸಿಯೇ ಕಳಿಸಿದರು, ಇಲ್ಲದಿದ್ದರೆ ಮಕ್ಕಳು ಒತ್ತಿಬಿಡುತ್ತಾರೆ. ಮೊದಲ ವಾರ ಗಾಜಿನಲ್ಲಿ ಅಲ್ಲಲ್ಲಿ ಮಸುಕು, ಸಣ್ಣ ನೀರಿನ ಗುಳ್ಳೆ. ನಾನು ಹೆದರಿದ್ದೆ. ಬೇಸಿಗೆಯಾದ್ದರಿಂದ ಹತ್ತು ಹನ್ನೆರಡು ದಿನಕ್ಕೆ ಒಣಗಿ ಹೋಯಿತು. ಮಳೆಗಾಲದಲ್ಲಿ ಹಾಕಿಸಿದರೆ ಇನ್ನೂ ತಡವಾಗುತ್ತದೆ. ಒರೆಸಲು ಅಮೋನಿಯಾ ಇರುವ ಕ್ಲೀನರ್ ಬೇಡ, ಒದ್ದೆ ಮೈಕ್ರೋಫೈಬರ್ ಬಟ್ಟೆ ಸಾಕು.

ಬಿಸಿಲಲ್ಲಿ ನಿಂತ ಕಾರು ಈಗಲೂ ಕಾಯುತ್ತದೆ, ಅದನ್ನು ಯಾವ ಫಿಲ್ಮೂ ತಪ್ಪಿಸಲ್ಲ. ಬದಲಾದದ್ದು ಆಮೇಲಿನದು. ವಾಪಸ್ ಬರುವ ದಾರಿಯ ಫರಹತಾಬಾದ್ ದಾಟುವ ಹೊತ್ತಿಗೂ ನಾಲ್ಕರಲ್ಲೇ ಇರುತ್ತಿದ್ದ ಎ.ಸಿ. ಈಗ ಊರು ಬಿಟ್ಟು ಸ್ವಲ್ಪ ಹೊತ್ತಿಗೆ ಎರಡಕ್ಕೆ ಇಳಿಯುತ್ತದೆ. ಎಡಗೈ ಮೇಲೆ ಬಿಸಿಲು ಬೀಳುವುದು ಕಾಣುತ್ತದೆ, ಚುರುಕು ಇಲ್ಲ.

ಒಂದು ಸಲ ರಿಂಗ್ ರೋಡಿನಲ್ಲಿ ಪೊಲೀಸರು ನಿಲ್ಲಿಸಿದರು. ಬಿಲ್ಲು ಕೊಟ್ಟೆ. ಅವರು ಓದಿ, ಹಿಂದಿನ ಬಾಗಿಲ ಹತ್ತಿರ ಹೋಗಿ ಬಗ್ಗಿ ನೋಡಿದರು. ಸೀಟಿನ ಮೇಲೆ ನನ್ನ ಊಟದ ಡಬ್ಬಿ ಚೀಲ, ಅದರ ಮೇಲಿನ ಹೂವಿನ ಚಿತ್ರದವರೆಗೆ ಹೊರಗಿನಿಂದಲೇ ಕಾಣುತ್ತಿತ್ತು. "ಹೋಗ್ರಿ ಮೇಡಂ" ಅಂದರು.

ಹಿಂದಿನ ಎಡ ಗಾಜಿನಲ್ಲಿ ಮಾತ್ರ ಒಂದು ಕೂದಲು ಸಿಕ್ಕಿಕೊಂಡಿತ್ತು, ಬೆರಳುದ್ದ. ನೀರಿನ ಗುಳ್ಳೆ ಒಣಗುತ್ತದೆ, ಕೂದಲು, ಧೂಳು ಹೋಗಲ್ಲ. ಮೂರು ವಾರ ಕಾದು, ಫೋಟೋ ತೆಗೆದುಕೊಂಡು ಹೋದೆವು. ಅವರು ವಾದ ಮಾಡಲಿಲ್ಲ. ಆ ಗಾಜಿನ ಫಿಲ್ಮ್ ತೆಗೆದು ಹೊಸದು ಹಾಕಿ, ಮತ್ತೆ ಮೀಟರ್ ಇಟ್ಟು 53 ಅಂತ ಅದೇ ಬಿಲ್ಲಿನ ಹಿಂದೆ ಬರೆದು ಸಹಿ ಮಾಡಿಕೊಟ್ಟರು.