ಮಾಳಿಗೆಯಿಂದ ಬಿದ್ದವರನ್ನು ಎತ್ತುವ ಮುನ್ನ

ಬೇಸಿಗೆ ಬಂತೆಂದರೆ ಕೊಪ್ಪಳ, ರಾಯಚೂರು ಕಡೆಯ ಊರುಗಳಲ್ಲಿ ಮಾಳಿಗೆಯ ಮೇಲೆ ಹಾಸಿಗೆ ಹಾಸುವುದು ವಾಡಿಕೆ. ನಿದ್ದೆಗಣ್ಣಿನಲ್ಲಿ ಎದ್ದು, ಅಂಚು ತಪ್ಪಿ, ಅಂಗಳದ ಪರಸಿಯ ಮೇಲೆ ಬೀಳುವವರೂ ಇದ್ದಾರೆ. 10 ಅಡಿ ಎತ್ತರದಿಂದ ಬಿದ್ದ ದೇಹ ನೆಲ ಮುಟ್ಟುವಾಗ ಗಂಟೆಗೆ ಸುಮಾರು 28 ಕಿಲೋಮೀಟರ್ ವೇಗದಲ್ಲಿರುತ್ತದೆ. ಉಸುಕಿನ ಗುಡ್ಡೆಯಾದರೆ ಕುಸಿದು ಆ ವೇಗವನ್ನು ತಗ್ಗಿಸುತ್ತದೆ. ಕಲ್ಲು ಕುಸಿಯುವುದಿಲ್ಲವಾದ್ದರಿಂದ ಪೆಟ್ಟನ್ನೆಲ್ಲ ಎಲುಬೇ ತಾಳಬೇಕು. ತಲೆಬುರುಡೆ ಗಕ್ಕನೆ ನಿಂತರೂ ಒಳಗಿನ ಮಿದುಳು ಸರಿದು ಅದಕ್ಕೆ ಬಡಿಯುತ್ತದೆ; ಹೀಗಾಗಿ ಹೊರಗೆ ಗಾಯವೇ ಕಾಣದಿದ್ದರೂ ಒಳಗೆ ರಕ್ತ ಸೋರುತ್ತಿರಬಹುದು.

ನಮ್ಮ ಓಣಿಯಲ್ಲಿ ಹೀಗೆ ಬಿದ್ದ ಯುವಕನೊಬ್ಬನನ್ನು ನಾಲ್ವರು ಕೈಕಾಲು ಹಿಡಿದು ಜೋಳದ ಚೀಲದಂತೆ ಎತ್ತಿದರು. ತಲೆ ಮಾತ್ರ ಹಿಂದಕ್ಕೆ ಜೋತಾಡುತ್ತಿತ್ತು. ಅದನ್ನು ಕಂಡ ಮೇಲೆಯೇ ಇದನ್ನು ಬರೆಯಬೇಕೆನಿಸಿತು.

ಮೊದಲ ಹೆಜ್ಜೆ: ಎತ್ತಬೇಡಿ. ಒಬ್ಬರು 108ಕ್ಕೆ ಕರೆ ಮಾಡಲಿ.

ಎರಡನೆಯದು: ಉಸಿರಾಟ ನೋಡಿ. ಉಸಿರಿಲ್ಲದಿದ್ದರೆ ಉಳಿದೆಲ್ಲವನ್ನೂ ಬಿಟ್ಟು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತಬೇಕು.

ಮೂರನೆಯದೇ ಎಲ್ಲರೂ ಎಡವುವ ಹಂತ. ಬಿದ್ದವರ ತಲೆಯ ಹಿಂದೆ ಮೊಣಕಾಲೂರಿ ಕುಳಿತು, ಎರಡೂ ಅಂಗೈಗಳಿಂದ ತಲೆಯ ಪಕ್ಕಗಳನ್ನು ಹಿಡಿದು, ಕೈ ಸೋಲದಂತೆ ಮೊಣಕೈಗಳನ್ನು ನೆಲಕ್ಕೋ ತೊಡೆಗೋ ಆನಿಸಿಕೊಳ್ಳಿ. ಕಿವಿ ಮುಚ್ಚಬಾರದು, ನಿಮ್ಮ ಮಾತು ಅವರಿಗೆ ಕೇಳಬೇಕು. ಕುತ್ತಿಗೆ ಸೊಟ್ಟಗಿದ್ದರೂ ಎಳೆದು ನೆಟ್ಟಗೆ ಮಾಡಲು ಹೋಗದೆ, ಇದ್ದಂತೆಯೇ ಹಿಡಿಯಿರಿ. ತಲೆದಿಂಬು ಇಡುವುದಂತೂ ಬೇಡವೇ ಬೇಡ. ವಾಂತಿ ಬಂದರೆ ಅಥವಾ ಬಾಯಲ್ಲಿ ರಕ್ತ ತುಂಬಿ ಉಸಿರು ಗೊರಗೊರ ಎಂದರೆ ಮಾತ್ರ ಮಗ್ಗುಲಿಗೆ ಹೊರಳಿಸಬೇಕು. ಆಗ ಒಬ್ಬರು ಹೆಗಲು ಮತ್ತು ಸೊಂಟವನ್ನು, ಇನ್ನೊಬ್ಬರು ತೊಡೆ ಮತ್ತು ಮೊಣಕಾಲನ್ನು ಹಿಡಿಯಲಿ. ಇಬ್ಬರೂ ಒಂದೇ ಬದಿಯಲ್ಲಿ ಕುಳಿತಿರಲಿ. ತಲೆ ಹಿಡಿದವರು ‘ಒಂದು, ಎರಡು, ಮೂರು’ ಎಂದಾಗಲೇ ಎಲ್ಲರೂ ಒಟ್ಟಿಗೆ, ಮರದ ದಿಮ್ಮಿ ಉರುಳಿಸಿದಂತೆ, ತಮ್ಮ ಕಡೆಗೆ ಹೊರಳಿಸಬೇಕು. ಮೂಗು ಮತ್ತು ಹೊಕ್ಕುಳು ಒಂದೇ ಗೆರೆಯಲ್ಲಿ ತಿರುಗಿದರೆ ಕೆಲಸ ಸರಿಯಾಯಿತು. ಸೊಂಟ ಮೊದಲು ತಿರುಗಿ ತಲೆ ಹಿಂದುಳಿದರೆ ಬೆನ್ನುಹುರಿಗೆ ಅಪಾಯ.

ಆಂಬ್ಯುಲೆನ್ಸ್ ಬರುವಂತೆಯೇ ಇಲ್ಲದಿದ್ದರೆ ಗಟ್ಟಿ ಹಲಗೆಯನ್ನೋ ಕಳಚಿದ ಬಾಗಿಲನ್ನೋ ಬಳಸಿ. ನುಲಿ ಹೊರಸು ನಡುವೆ ಜೋತುಬೀಳುತ್ತದೆ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವ ಅಡ್ಡದಾರಿಗಿಂತ ಅರ್ಧ ಗಂಟೆ ಕಾಯುವುದೇ ಲೇಸೆಂದು ನನ್ನ ಖಚಿತ ಅಭಿಪ್ರಾಯ.

ನಾಲ್ಕನೆಯದು ರಕ್ತ. ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಒತ್ತಿ. ಬುರುಡೆ ಒಳಗೆ ತಗ್ಗಾಗಿದ್ದರೆ ಆ ಜಾಗವನ್ನು ಒತ್ತಬೇಡಿ. ಕಾಫಿ ಪುಡಿ, ಅರಿಸಿನ, ಸುಣ್ಣ ಯಾವುದೂ ಬೇಡ, ಇವನ್ನು ತೊಳೆದು ತೆಗೆಯುವುದೇ ಹೊಲಿಗೆ ಹಾಕುವವರಿಗೆ ದೊಡ್ಡ ಕೆಲಸವಾಗುತ್ತದೆ. ಆಟದ ಮೈದಾನದಲ್ಲಿ ಬಳಸುವ ನೋವಿನ ಸ್ಪ್ರೇಯನ್ನು ತಲೆಗೆ ಹೊಡೆಯುವುದು ದುಡ್ಡು ದಂಡ. ಕಿವಿ ಅಥವಾ ಮೂಗಿನಿಂದ ತಿಳಿನೀರು ಸೋರಿದರೆ ಹತ್ತಿ ತುರುಕದೆ ಸೋರಲು ಬಿಡಿ. ಬುರುಡೆಯ ತಳ ಬಿರಿತಿರಬಹುದು.

ಕುಡಿಯಲು ನೀರು, ಚಹಾ ಕೊಡಬೇಡಿ. ಪ್ರಜ್ಞೆ ಕಡಿಮೆಯಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಕೊನೆಯದಾಗಿ, ಎದ್ದು ಕುಳಿತು ‘ಏನೂ ಆಗಿಲ್ಲ ಬಿಡ್ರಿ’ ಎಂದವರನ್ನು ನಂಬಿ ಮಲಗಿಸಬೇಡಿ. ಬುರುಡೆ ಮತ್ತು ಮಿದುಳಿನ ಹೊರಪೊರೆಯ ನಡುವೆ ರಕ್ತ ಕಟ್ಟಿಕೊಳ್ಳುವಾಗ ಕೆಲವರು ಗಂಟೆಗಟ್ಟಲೆ ಸರಿಯಾಗಿಯೇ ಮಾತನಾಡಿ, ಆಮೇಲೆ ಒಮ್ಮೆಲೇ ಎಚ್ಚರ ತಪ್ಪುತ್ತಾರೆ. ಇಷ್ಟು ಎತ್ತರದಿಂದ ಬಿದ್ದವರನ್ನು ವೈದ್ಯರಿಗೆ ತೋರಿಸಲೇಬೇಕು. ಅವರು ಮನೆಗೆ ಕಳಿಸಿದ ಮೇಲೂ ಮೊದಲ 24 ಗಂಟೆ ಯಾರಾದರೂ ಜೊತೆಗಿರಲಿ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ತೊದಲು ಮಾತು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಫಿಟ್ಸ್, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹಿರಿಯರಾಗಿದ್ದರೆ ಆ ಮಾತ್ರೆಯ ಚೀಟಿಯನ್ನೂ ಜೊತೆಗೆ ಒಯ್ಯಿರಿ.